ದೀಪದ ಮುಂದೆ ನಿಲ್ಲಿಸಿದ ಕಣ್ಣು

ನಾನು ಒಂದು ಕಣ್ಣು. ಮನುಷ್ಯರ ಕಣ್ಣಲ್ಲ, ದನಕರುಗಳ ಕಣ್ಣೂ ಅಲ್ಲ. ಬಾಯ್ಲರಿನ ಬೆಂಕಿ ಕಾಯುವ ಕಣ್ಣು. ಹೆಬ್ಬೆರಳಿಗಿಂತ ತುಸು ದಪ್ಪ, ಗೇಣಿಗಿಂತ ತುಸು ಗಿಡ್ಡ. ಲೋಹದ ಮೈ, ಮುಂದೆ ಒಂದು ಗಾಜು, ಹಿಂದೆ ಒಂದು ತಂತಿ. ಬೆಂಕಿ ಕಂಡರೆ ‘ಇದೆ’ ಎನ್ನುತ್ತೇನೆ, ಕಾಣದಿದ್ದರೆ ಸುಮ್ಮನಾಗುತ್ತೇನೆ. ಇದಕ್ಕಿಂತ ಹೆಚ್ಚಿನ ವಿದ್ಯೆ ನನಗೆ ಬರುವುದಿಲ್ಲ.

ಆದರೆ ಸಿಟ್ಟು ಬರುತ್ತದೆ. ಈ ಕತೆ ಹೇಳುತ್ತಿರುವುದೂ ಆ ಸಿಟ್ಟಿನಿಂದಲೇ. ಜೀವಮಾನದಲ್ಲಿ ಒಂದೂ ಸುಳ್ಳು ಹೇಳದ ನನ್ನಿಂದ ಒಬ್ಬ ಮನುಷ್ಯ ಒಂಬತ್ತು ದಿನ ಸುಳ್ಳು ಹೇಳಿಸಿದ. ಅವನ ಹೆಸರು ಪ್ರಲ್ಹಾದ. ಹೆಸರು ಮುಚ್ಚಿಡುವ ದೊಡ್ಡ ಮನಸ್ಸು ನನಗಿಲ್ಲ, ನಾಲ್ಕು ಜನಕ್ಕೆ ಗೊತ್ತಾಗಲಿ.

ನಾನು ಹುಟ್ಟಿದ್ದು ಪುಣೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಕೋಟು ತೊಟ್ಟ ಹೆಂಗಸೊಬ್ಬಳು ಸಣ್ಣ ಗಾಜಿನ ನಳಿಗೆಯನ್ನು ನನ್ನ ಹೊಟ್ಟೆಯೊಳಗೆ ಕೂರಿಸಿ, ಮುಂದಿನ ಗಾಜನ್ನು ಒರೆಸಿ, ಒಂದು ಮೇಣದಬತ್ತಿಯ ಎದುರು ಹಿಡಿದಳು. ಈ ಲೋಕದಲ್ಲಿ ನಾನು ಮೊದಲು ಕಂಡದ್ದು ಆ ಮೇಣದಬತ್ತಿಯನ್ನು. ಅವಳು ಅಂಗೈಯಿಂದ ನನ್ನ ಮುಖ ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು. ಹತ್ತು ಸಲ ಹಾಗೆ ಮಾಡಿದರೂ ನಾನು ಒಮ್ಮೆಯೂ ತಪ್ಪಲಿಲ್ಲ. ನನ್ನ ಬೆನ್ನಿಗೆ ಹಸಿರು ಚೀಟಿ ಅಂಟಿಸಿ ಡಬ್ಬಿಯಲ್ಲಿ ಮಲಗಿಸಿದಳು. ಆ ಹಸಿರು ಚೀಟಿಯ ಜಂಬ ನನಗೆ ಬಹಳ ದಿನ ಇತ್ತು.

ಡಬ್ಬಿ ಮತ್ತೆ ತೆರೆದದ್ದು ಬೆಟಗೇರಿಯಲ್ಲಿ. ಅದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಗುಳೇದಗುಡ್ಡದ ಕುಪ್ಪಸದ ಖಣಕ್ಕೆ, ಸುತ್ತಲಿನ ಸೀರೆ ನೇಯುವವರಿಗೆ ಅಲ್ಲಿಂದ ಕೆಂಪು, ಹಸಿರು, ಕಪ್ಪು ನೂಲು ಹೋಗುತ್ತಿತ್ತು. ಬಣ್ಣದ ತೊಟ್ಟಿಗಳು ಕುದಿಯಲು ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಡೀಸೆಲ್ ಉಗುಳಿ ಉರಿಯುವ ಬರ್ನರ್ ಬೇಕು. ಆ ಬರ್ನರಿಗೆ ನಾನು ಬೇಕು. ಉರಿ ನಡುವೆಯೇ ಆರಿಹೋದರೆ ಡೀಸೆಲ್ ಮಾತ್ರ ಒಳಗೆ ಸುರಿಯುತ್ತಲೇ ಇರುತ್ತದೆ. ಕೆಂಪಗೆ ಕಾದ ಇಟ್ಟಿಗೆಯ ಮೇಲೆ ಬಿದ್ದು ಹೊಗೆಯಾಗಿ ತುಂಬಿಕೊಂಡು, ಕೊನೆಗೊಮ್ಮೆ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಹಾಗಾಗದಂತೆ ನೋಡುವುದು ನನ್ನ ಕೆಲಸ. ಉರಿ ಕಾಣದಿದ್ದರೆ ನಾನು ಸುಮ್ಮನಾಗುತ್ತೇನೆ, ನಾನು ಸುಮ್ಮನಾದ ಮೂರು ಸೆಕೆಂಡಿಗೆ ಎಣ್ಣೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ನನ್ನನ್ನು ಕೂರಿಸಿದವನು ಬರ್ನರ್ ಮೆಕ್ಯಾನಿಕ್ ದಾವಲಸಾಬ. ಅವನ ಕೆಲಸದ ರೀತಿಯೇ ಬೇರೆ. ನನ್ನನ್ನು ಹಾಕುವ ಮೊದಲು, ನಾನು ನೋಡಬೇಕಾದ ಓರೆ ಕೊಳವೆಗೆ ಕರಿಗಾಜು ಅಡ್ಡ ಹಿಡಿದು ತನ್ನ ಕಣ್ಣನ್ನೇ ಇಟ್ಟು ನೋಡಿದ.

“ತುದಿ ಉರಿ ನೋಡಿ ಉಪಯೋಗಿಲ್ಲ ಫಕೀರಣ್ಣ. ಅದು ಗಾಳಿಗೆ ಕುಣೀತಿರತೈತಿ. ಬುಡಾ ನೋಡಬೇಕು ಬುಡಾ” ಎಂದ.

ಪಕ್ಕದಲ್ಲಿ ನಿಂತಿದ್ದವನು ಬಾಯ್ಲರ್ ನೋಡಿಕೊಳ್ಳುವ ಫಕೀರಪ್ಪ. ಐವತ್ತು ದಾಟಿದ ತೆಳ್ಳನೆಯ ಆಳು, ಹನ್ನೊಂದು ವರ್ಷದಿಂದ ಆ ಬಾಯ್ಲರ್ ಅವನದೇ ಕೈಯಲ್ಲಿತ್ತು.

ದಾವಲಸಾಬ ನನ್ನನ್ನು ಕೊಳವೆಗೆ ತಿರುಗಿಸಿ ಮೀಟರ್ ಹಚ್ಚಿದ. ತುಸು ಎಡಕ್ಕೆ ಹೊರಳಿಸಿ ಮುಳ್ಳು ನೋಡಿದ, ತುಸು ಕೆಳಕ್ಕೆ ಬಾಗಿಸಿ ಮತ್ತೆ ನೋಡಿದ. ಮುಳ್ಳು ಏರಿ ಅಲುಗಾಡದೆ ನಿಂತ ಮೇಲೆ ತಿರುಪು ಬಿಗಿದ. ಅಷ್ಟಕ್ಕೇ ಬಿಡಲಿಲ್ಲ. ಎಣ್ಣೆ ಬಂದ್ ಮಾಡಿ ಬರೀ ಕಿಡಿ ಹಾರಿಸಿ, ಕಿಡಿಯನ್ನೇ ಬೆಂಕಿ ಎಂದುಕೊಳ್ಳುತ್ತೇನೋ ಎಂದು ಪರೀಕ್ಷೆ ಮಾಡಿದ. ನಾನು ಸುಮ್ಮನಿದ್ದೆ. ಕೊನೆಗೆ ಬರ್ನರ್ ಭರ್ಜರಿಯಾಗಿ ಉರಿಯುವಾಗ ನನ್ನನ್ನು ಸರಕ್ಕನೆ ಕಿತ್ತು ಅಂಗೈಯಲ್ಲಿ ಮುಚ್ಚಿದ. ಫಕೀರಪ್ಪ ಬಾಯಲ್ಲಿ ಎಣಿಸಿದ: ಒಂದು, ಎರಡು, ಮೂರು. ಎಣ್ಣೆ ನಿಂತಿತು, ಕೆಂಪು ದೀಪ ಹತ್ತಿತು.

“ಭೇಷ್! ಇದು ನಿನ್ನ ಜೀವ ಕಾಯತೈತಿ ಅಣ್ಣ” ಎಂದ ದಾವಲಸಾಬ. “ಈ ಸಣ್ಣ ಗಾಳಿ ಪೈಪ್ ಐತಲ್ಲ, ಇದು ಇದರ ಗಾಜು ಸ್ವಚ್ಛ ಇಡತೈತಿ. ಏನ ಬಿಟ್ರೂ ಇದೊಂದು ಬಿಡಬ್ಯಾಡ.”

ಬಾಯ್ಲರ್ ಕೋಣೆಯ ಗೋಡೆಯಲ್ಲಿ ಒಂದು ಮಾಡ ಇತ್ತು. ಅದರೊಳಗೆ ಬನಶಂಕರಿಯ ಫೋಟೋ, ಮುಂದೆ ಒಂದು ಹಣತೆ. ಫಕೀರಪ್ಪ ಬೆಳಿಗ್ಗೆ ಬರ್ನರ್ ಹಚ್ಚುವ ಮುಂಚೆ ಹಣತೆಗೆ ಒಳ್ಳೆಣ್ಣೆ ಹಾಕಿ ದೀಪ ಹಚ್ಚುತ್ತಿದ್ದ. ಒಲೆಯೊಳಗೆ ಬೆಂಕಿ ಇರುವಷ್ಟು ಹೊತ್ತು ಮಾಡದೊಳಗೆ ದೀಪ ಇರಬೇಕು ಎಂಬುದು ಅವನ ಪದ್ಧತಿ. ಎಣ್ಣೆ ಕಡಿಮೆಯಾದರೆ ಓಡಿ ಬಂದು ಹಾಕುವನು. ಸಂಜೆ ಬರ್ನರ್ ಆರಿಸಿದ ಮೇಲೆಯೇ ಹೂವಿನ ಎಸಳಿನಿಂದ ದೀಪ ಶಾಂತ ಮಾಡುವನು. ನನಗೂ ಹೊರಡುವ ಮೊದಲು ಒಂದು ಕೈ ಮುಗಿದು ಹೋಗುತ್ತಿದ್ದ. ನಾಲ್ಕು ವರ್ಷ ನಾನು ದೊರೆಯ ಹಾಗೆ ಇದ್ದೆ.

ಆಮೇಲೆ ಪ್ರಲ್ಹಾದ ಮ್ಯಾನೇಜರ್ ಆಗಿ ಬಂದ. ಇಸ್ತ್ರಿ ಮಾಡಿದ ಅಂಗಿ, ಕಿವಿಗೆ ಅಂಟಿಕೊಂಡ ಫೋನು. ಮಾತಿಗೊಮ್ಮೆ ‘ಲಾಟ್ ಹೋಗಬೇಕು, ಲಾಟ್ ಹೋಗಬೇಕು’ ಎನ್ನುವನು. ನೂಲು ಸುತ್ತುವ ವಿಭಾಗದಲ್ಲಿ ಉಂಡೆಗಳ ಮೇಲೆ ಹತ್ತಿಯ ಧೂಳು ಕೂರುತ್ತದೆ ಎಂದು ಯಾರೋ ದೂರು ಹೇಳಿದರು. ಊದಿ ತೆಗೆಯಲು ಗಾಳಿ ಬೇಕಾಯಿತು. ಕೈಗೆ ಸಿಕ್ಕಿದ್ದು ನನ್ನ ಪೈಪು. ಕಿತ್ತುಕೊಂಡು ಹೋಗಿ ಅಲ್ಲಿಗೆ ಜೋಡಿಸಿದ.

“ಸಾಹೇಬ್ರ, ಅದು ಕಣ್ಣಿಂದ್ರಿ. ಅದಿಲ್ಲಂದ್ರ ಗಾಜಿಗೆ ಮಸಿ ಹಿಡೀತೈತ್ರಿ” ಎಂದ ಫಕೀರಪ್ಪ.

“ಇಷ್ಟು ಸಣ್ಣ ಗಾಳೀಲೆ ಏನ ಆಕ್ಕೈತೋ? ಒರಸ್ಕೋ.”

ನೂಲಿನ ಉಂಡೆಗೆ ಸಿಕ್ಕ ಮರ್ಯಾದೆ ನನಗೆ ಸಿಗಲಿಲ್ಲ. ಸೇಡಿನ ಮೊದಲ ಗಂಟು ನಾನು ಹಾಕಿಕೊಂಡದ್ದು ಅವತ್ತೇ.

ಗಾಜಿಗೆ ಮಸಿ ಹಿಡಿಯಿತು. ಉರಿ ಎದುರಿಗಿದ್ದರೂ ನನಗೆ ಮಬ್ಬು. ಕಾಣದ್ದನ್ನು ಕಂಡೆ ಎನ್ನುವ ಜಾತಿ ನನ್ನದಲ್ಲ, ಸುಮ್ಮನಾದೆ. ಬರ್ನರ್ ನಿಂತಿತು. ಫಕೀರಪ್ಪ ನನ್ನನ್ನು ತೆಗೆದು ಪಂಚೆಯ ಚುಂಗಿನಿಂದ ಒರೆಸಿ ಹಾಕಿದ. ಎರಡು ತಾಸಿಗೆ ಮತ್ತೆ ನಿಂತಿತು. ಅಷ್ಟರಲ್ಲಿ ತೊಟ್ಟಿಗಳ ಕಾವು ಇಳಿದು ಕೆಂಪು ನೂಲು ಅಲ್ಲಲ್ಲಿ ಬಿಳಿಚಿಕೊಂಡಿತು. ಗುಳೇದಗುಡ್ಡಕ್ಕೆ ಹೋಗಬೇಕಾಗಿದ್ದ ಲಾಟ್ ಅದು.

ಪ್ರಲ್ಹಾದ ಬುಸುಗುಡುತ್ತ ಬಂದ. ದಾವಲಸಾಬನನ್ನು ಕರೆಸಿ ಪೈಪು ಮರಳಿ ಹಾಕಿಸೋಣ ಎಂದ ಫಕೀರಪ್ಪನ ಮಾತು ಅವನ ಕಿವಿಗೆ ಬೀಳಲಿಲ್ಲ. ಅವನ ಕಣ್ಣು ಮಾಡದ ಮೇಲಿತ್ತು.

“ಇದಕ್ಕ ಬೆಂಕಿ ಕಂಡ್ರ ಸಾಕಲ್ಲ? ಯಾವ ಬೆಂಕಿ ಅಂತ ಏನ ಕೇಳಂಗಿಲ್ಲಲ್ಲ?”

ಫಕೀರಪ್ಪನಿಗೆ ಅರ್ಥವಾಗಲಿಲ್ಲ. ನನಗೆ ತಕ್ಷಣ ಆಯಿತು. ಕೈಕಾಲು ಇದ್ದಿದ್ದರೆ ಅಲ್ಲಿಂದ ಓಡಿಬಿಡುತ್ತಿದ್ದೆ.

ನನ್ನನ್ನು ಕೊಳವೆಯಿಂದ ಕಿತ್ತರು. ತಂತಿ ಮಾಡದವರೆಗೆ ಸಾಲಲಿಲ್ಲ. ಪ್ರಲ್ಹಾದ ಎಲ್ಲಿಂದಲೋ ಹಳದಿ ತಂತಿ ತಂದು ನನ್ನ ಕಪ್ಪು ತಂತಿಗೆ ಸೇರಿಸಿ ಟೇಪು ಸುತ್ತಿದ. ನನ್ನನ್ನು ಬನಶಂಕರಿಯ ಪಾದದ ಬಳಿ, ಹಣತೆಯ ಕಡೆ ಮುಖ ಮಾಡಿ ಒರಗಿಸಿದ. ಬರ್ನರ್ ಹೊತ್ತುವ ಮೊದಲೇ ನಾನು ಬೆಂಕಿ ಕಂಡರೆ ಯಂತ್ರ ಅನುಮಾನ ಪಡುತ್ತದೆ, ಹೊತ್ತಲು ಬಿಡುವುದಿಲ್ಲ. ಅದಕ್ಕೂ ಅವನ ಹತ್ತಿರ ಉಪಾಯವಿತ್ತು. ಒಂದು ತಗಡಿನ ಮುಚ್ಚಳ ಕೊಟ್ಟು, “ಮೊದಲು ಮುಚ್ಚಿಡು, ಬರ್ನರ್ ಹತ್ತಿದ ಕೂಡಲೆ ತಗಿ” ಎಂದ.

“ಇದು ಬರೋಬರಿ ಅಲ್ರೀ ಸಾಹೇಬ್ರ. ನಾಳೆ ಒಳಗಿನ ಬೆಂಕಿ ಆರಿದ್ರ ಇದು ದೀಪಾ ನೋಡ್ಕೊಂತ ಕುಂದರತೈತ್ರಿ. ನನ್ನ ಕೈಲೆ ಆಗಂಗಿಲ್ರಿ.”

“ಆಗಂಗಿಲ್ಲಂದ್ರ ನಾಳಿಂದ ಬರಬ್ಯಾಡ. ಮುಚ್ಚಳಾ ತಗಿಯಾವ್ರು ಬೆಟಗೇರ್ಯಾಗ ಭಾಳ ಮಂದಿ ಅದಾರ.”

ಫಕೀರಪ್ಪ ನೆಲ ನೋಡುತ್ತ ನಿಂತ. ಆಮೇಲೆ ಮುಚ್ಚಳ ಕೈಗೆ ತೆಗೆದುಕೊಂಡ. ಅವತ್ತು ಅವನ ಮೇಲೂ ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಅವನು ಮಾಡಿದ್ದು ಕೇಳಿ. ಮುಚ್ಚಳ ತೆಗೆದು, “ನಿನ್ನ ಬದ್ಲಿ ನಾ ನೋಡ್ತೀನಿ, ಸಿಟ್ಟಾಗಬ್ಯಾಡ” ಎಂದು ನನಗೆ ಹೇಳಿ, ಬಾಯ್ಲರ್ ಮುಂಭಾಗದಲ್ಲಿ ಉರಿ ನೋಡಲೆಂದು ಇದ್ದ ಸಣ್ಣ ಗಾಜಿನ ಕಿಂಡಿಯ ಬಳಿ ಸ್ಟೂಲು ಹಾಕಿಕೊಂಡು ಕುಳಿತ. ಐದೈದು ನಿಮಿಷಕ್ಕೊಮ್ಮೆ ಕಿಂಡಿಗೆ ಕಣ್ಣಿಡುವನು. ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚುವನು. ಒಂಬತ್ತು ದಿನ ನನ್ನ ಕೆಲಸವನ್ನು ಅವನ ಬಲಗಣ್ಣು ಮಾಡಿತು.

ನಾನು ದೀಪದ ಎದುರು ಕುಳಿತು ‘ಇದೆ, ಇದೆ, ಇದೆ’ ಎನ್ನುತ್ತಿದ್ದೆ. ಬೇರೆ ದಾರಿ ಇರಲಿಲ್ಲ. ಬೆಂಕಿ ಕಣ್ಣೆದುರೇ ಇತ್ತಲ್ಲ. ದೇವರ ಮುಂದೆಯೇ ಕೂರಿಸಿ ಸುಳ್ಳು ಹೇಳಿಸಿದ್ದಕ್ಕೆ ನನಗೆ ಇವತ್ತಿಗೂ ಉರಿಯುತ್ತದೆ. ತೊಟ್ಟಿಗಳು ನಿಲ್ಲದೆ ಕುದಿದವು. ಕೆಂಪು ಲಾಟ್ ಹೋಯಿತು. ಪ್ರಲ್ಹಾದ ಫೋನಿನಲ್ಲಿ ಯಾರಿಗೋ, “ಪ್ರಾಬ್ಲಮ್ ಸಾಲ್ವ್ ಮಾಡೀನ್ರಿ” ಎಂದು ನಗುವುದನ್ನು ಕೇಳಿದೆ. ಎರಡನೆಯ ಗಂಟು ಹಾಕಿಕೊಂಡೆ.

ಒಂಬತ್ತನೆಯ ದಿನ ಮಧ್ಯಾಹ್ನ, ಊಟ ಮುಗಿದ ಹೊತ್ತು. ಡೀಸೆಲ್ ಸೋಸುವ ಜಾಳಿಗೆಯಲ್ಲಿ ಕಸ ಸಿಕ್ಕಿ ಎಣ್ಣೆ ಒಮ್ಮೆ ನಿಂತಿತು. ಉರಿ ಆರಿತು. ಕಸ ಸರಿದು ಎಣ್ಣೆ ಮತ್ತೆ ಬಂತು. ನಾನು ಕೊಳವೆಯಲ್ಲಿ ಇದ್ದಿದ್ದರೆ ಮೂರು ಸೆಕೆಂಡಿನಲ್ಲಿ ಅದನ್ನು ತಡೆಯುತ್ತಿದ್ದೆ. ನಾನು ದೀಪ ನೋಡುತ್ತಿದ್ದೆ. ಬರ್ನರಿನ ಸದ್ದು ಬದಲಾದದ್ದು ಫಕೀರಪ್ಪನ ಕಿವಿಗೆ ಬಿತ್ತು. ಬೇರೆಯವನಾಗಿದ್ದರೆ ಹೊರಗೆ ಓಡುತ್ತಿದ್ದ. ನನ್ನ ಬದಲಿಗೆ ನೋಡುತ್ತೇನೆಂದು ಮಾತು ಕೊಟ್ಟಿದ್ದ ಅವನು ಸ್ಟೂಲಿನಿಂದ ಎದ್ದು ಕಿಂಡಿಗೆ ಕಣ್ಣಿಟ್ಟ.

ಢಬ್ ಎಂದು ಒಂದೇ ಸದ್ದು. ಕಿಂಡಿಯ ಗಾಜು ಹೊರಕ್ಕೆ ಸಿಡಿಯಿತು. ಆ ಗಾಳಿಗೆ ಮಾಡದೊಳಗಿನ ದೀಪ ಆರಿಹೋಯಿತು. ನಾನು ಸುಮ್ಮನಾದೆ, ಎಣ್ಣೆ ನಿಂತಿತು. ಆಗ ನಿಂತು ಏನು ಬಂತು?

ಫಕೀರಪ್ಪ ಮುಖಕ್ಕೆ ಎರಡೂ ಕೈ ಹಚ್ಚಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದ. ಪ್ರಲ್ಹಾದ ಓಡಿ ಬಂದ. ಇದನ್ನು ಗಮನವಿಟ್ಟು ಕೇಳಿ, ಯಾಕೆಂದರೆ ಮೂರನೆಯ ಗಂಟು ಇಲ್ಲಿದೆ. ಅವನು ಮೊದಲು ಹೋದದ್ದು ಫಕೀರಪ್ಪನ ಬಳಿಗಲ್ಲ. ಅವನನ್ನು ದಾಟಿ ಮಾಡದ ಬಳಿ ಬಂದ. ನನ್ನನ್ನು ಎತ್ತಿಕೊಂಡು ಕೊಳವೆಗೆ ತಿರುಗಿಸಿದ. ಉಳಿದ ತಂತಿಯನ್ನು ಸುರುಳಿ ಸುತ್ತಿ ಪೈಪಿನ ಹಿಂದೆ ತುರುಕಿದ. ಮುಚ್ಚಳವನ್ನು ಕಿಸೆಗೆ ಹಾಕಿಕೊಂಡ. ಆಮೇಲೆಯೇ ಹೊರಗೆ ಮುಖ ಹಾಕಿ, “ಯಾರರ ಬರ್ರಿ! ಗಾಡಿ ತರ್ರಿ!” ಎಂದು ಕೂಗಿದ.

ಫಕೀರಪ್ಪನ ಜೀವ ಉಳಿಯಿತು. ಬಲಗಣ್ಣು ಉಳಿಯಲಿಲ್ಲ.

ನಾಲ್ಕನೆಯ ದಿನ ಬಾಯ್ಲರ್ ಇಲಾಖೆಯಿಂದ ತಪಾಸಣೆಗೆ ಒಬ್ಬ ಮೇಡಂ ಬಂದರು. ಮಾತು ಕಡಿಮೆ, ಕೈಯಲ್ಲಿ ಟಾರ್ಚು. ಅವರು ಹೇಳಿಕಳಿಸಿದ್ದರಿಂದ ದಾವಲಸಾಬನೂ ಬಂದಿದ್ದ. ಪ್ರಲ್ಹಾದ ಮುಖ ಸಣ್ಣದು ಮಾಡಿಕೊಂಡು ನನ್ನ ಕಡೆ ಬೆರಳು ತೋರಿಸಿದ.

“ಈ ಸೆನ್ಸರ್ ಕೆಟ್ಟಿತ್ರಿ ಮೇಡಂ. ಬೆಂಕಿ ಇಲ್ಲದಿದ್ರೂ ಐತಿ ಅಂತಿತ್ತು. ಅದು ಫಕೀರಪ್ಪಗ ಗೊತ್ತಿತ್ತು, ನಮಗ ಹೇಳಲಿಲ್ಲ. ಪಾಪ, ವಯಸ್ಸಾಗೇತಿ.”

ಕೆಟ್ಟವನು ನಾನು, ಅಲಕ್ಷ್ಯ ಮಾಡಿದವನು ಫಕೀರಪ್ಪ! ಆ ‘ಪಾಪ’ ಎಂಬ ಮಾತಿಗೆ ಅವನ ನಾಲಿಗೆಯನ್ನೇ ಸುಡಬೇಕೆನಿಸಿತು. ಆಸ್ಪತ್ರೆಯಲ್ಲಿ ಮಲಗಿದ ಮನುಷ್ಯನ ಕಣ್ಣು ಹೋಗಿದ್ದು ಸಾಲದೆ, ಹೆಸರೂ ಹೋಗುವುದರಲ್ಲಿತ್ತು.

ದಾವಲಸಾಬ ನನ್ನನ್ನು ಕೊಳವೆಯಿಂದ ಬಿಚ್ಚಿದ. ಬಿಳಿ ಕರ್ಚೀಫಿನಿಂದ ನನ್ನ ಗಾಜು ಒರೆಸಿ, ಬಟ್ಟೆಯನ್ನು ಮೂಸಿ ನೋಡಿದ.

“ಮೇಡಂ, ಒಳಗ ಅಷ್ಟು ದೊಡ್ಡ ಢಬ್ ಆಗೇತ್ರಿ. ಇದು ಇಲ್ಲೇ ಇದ್ದಿದ್ರ ಗಾಜು ಡೀಸೆಲ್ ಮಸಿ ಹಿಡದು ಕರ್ರಗ ಆಗಬೇಕಾಗಿತ್ತು. ಇದು ನೋಡ್ರಿ, ನಮ್ಮವ್ವ ಕಾಡಿಗಿ ಮಾಡಿದಂಗ ಐತಿ. ಒಳ್ಳೆಣ್ಣಿ ವಾಸನಿ ಬರಾಕ್ಹತ್ತೈತಿ.”

ಮೇಡಂ ಮೂಸಿದರು. ಪ್ರಲ್ಹಾದ ನಕ್ಕು, “ಫ್ಯಾಕ್ಟರಿ ಅಂದ ಮ್ಯಾಲೆ ಎಣ್ಣಿ ಇದ್ದ ಇರತೈತಲ್ರಿ” ಎಂದ.

ದಾವಲಸಾಬ ನನ್ನ ತಂತಿ ಹಿಡಿದು ಎಳೆದ. ಪೈಪಿನ ಹಿಂದಿನಿಂದ ಸುರುಳಿ ಬಿಚ್ಚಿಕೊಂಡು ಬಂತು. ಕಪ್ಪು ತಂತಿ ಮುಗಿಯಿತು, ಟೇಪು ಬಂತು, ಹಳದಿ ತಂತಿ ಬಂತು, ಬರುತ್ತಲೇ ಇತ್ತು.

“ನಾ ಹಾಕಿದ್ದು ಒಂದ ಮಾರು ವಾಯರ್ರಿ, ಕರೇದು. ಈ ಹಳದಿ ಎದಕ್ಕ ಬೇಕಾತು?”

ಅವನು ನನ್ನನ್ನು ಹಿಡಿದುಕೊಂಡು ಕೋಣೆಯಲ್ಲಿ ನಡೆದ. ಬಾಗಿಲ ಕಡೆ ಹೋದ, ತಂತಿ ಸಾಲಲಿಲ್ಲ. ನೀರಿನ ಪಂಪಿನ ಕಡೆ ಹೋದ, ಸಾಲಲಿಲ್ಲ. ಮಾಡದ ಕಡೆ ನಡೆದ. ತಂತಿ ಸರಿಯಾಗಿ ಬನಶಂಕರಿಯ ಪಾದದವರೆಗೆ ಬಂದು ಬಿಗಿಯಾಯಿತು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಅಳತೆ ಮಾಡಿ ಕತ್ತರಿಸಿದವನು ಪ್ರಲ್ಹಾದನೇ ಅಲ್ಲವೇ? ಅವನ ಅಚ್ಚುಕಟ್ಟುತನವೇ ಅವನನ್ನು ಹಿಡಿದುಕೊಟ್ಟಿತು.

“ದೀಪ ಹಚ್ಚಿ” ಎಂದರು ಮೇಡಂ.

ದಾವಲಸಾಬ ಮೀಟರ್ ಜೋಡಿಸಿದ. ಬಾಯ್ಲರ್ ತಣ್ಣಗಿತ್ತು. ಹಣತೆಗೆ ಎಣ್ಣೆ ಹಾಕಿ ಬತ್ತಿ ಹಚ್ಚಿ ನನ್ನನ್ನು ಎದುರಿಗಿಟ್ಟ. ಒಂಬತ್ತು ದಿನ ಕಟ್ಟಿಹಾಕಿ ನನ್ನಿಂದ ಹೇಳಿಸಿದ ಅದೇ ಮಾತನ್ನು ಈಗ ನನ್ನ ಖುಷಿಯಿಂದ, ಇದ್ದ ಶಕ್ತಿಯೆಲ್ಲ ಹಾಕಿ ಹೇಳಿದೆ: ‘ಇದೆ! ಇದೆ! ಇದೆ!’ ಮುಳ್ಳು ಒಂದೇ ಏಟಿಗೆ ಮೇಲಕ್ಕೆ ಹಾರಿತು. ಮೇಡಂ ಅಂಗೈ ಅಡ್ಡ ಹಿಡಿದರು, ಮುಳ್ಳು ಬಿತ್ತು. ಕೈ ತೆಗೆದರು, ಎದ್ದಿತು. ಪುಣೆಯ ಆ ಹೆಂಗಸು ಹತ್ತು ಸಲ ಮಾಡಿದ್ದನ್ನು ಇವರು ಮೂರು ಸಲ ಮಾಡಿದರು.

“ಇದು ಕೆಟ್ಟಿಲ್ಲ” ಎಂದರು ಮೇಡಂ. “ಇದನ್ನು ಇಲ್ಲಿ ಇಟ್ಟವರು ಯಾರು?”

ಪ್ರಲ್ಹಾದನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆ ಬೆವರು ನೋಡಿ ನನಗಾದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅವನ ಕೆಲಸ ಹೋಯಿತು, ಕೇಸು ಬಿತ್ತು. ಹಳದಿ ತಂತಿ, ಅವನ ಮೇಜಿನಲ್ಲಿ ಸಿಕ್ಕ ಮುಚ್ಚಳ, ಮೇಡಂ ಬರೆದ ವರದಿ ಎಲ್ಲ ಕೋರ್ಟಿಗೆ ಹೋದವು. ನನ್ನ ಫೋಟೋ ತೆಗೆದುಕೊಂಡು ನನ್ನನ್ನು ಬಿಟ್ಟರು. ಬರ್ನರಿಗೆ ಹೊಸ ಕಣ್ಣು ಬಂತು, ಗಾಳಿ ಪೈಪೂ ಮರಳಿ ಬಂತು. ನಾನು ಗುಜರಿ ಬುಟ್ಟಿಗೆ ಬಿದ್ದೆ. ಅಲ್ಲಿಂದ ದಾವಲಸಾಬ ಎತ್ತಿಕೊಂಡು ಹೋಗಿ ಫಕೀರಪ್ಪನ ಕೈಯಲ್ಲಿಟ್ಟ. ಅವನು ನನ್ನನ್ನು ತನ್ನ ಮನೆಯ ದೇವರ ಮಾಡದಲ್ಲಿಟ್ಟುಕೊಂಡ, ಆದರೆ ಮುಖವನ್ನು ಬಾಗಿಲ ಕಡೆ ತಿರುಗಿಸಿ. ದೀಪದ ಕಡೆಗಲ್ಲ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಫಕೀರಪ್ಪ ಕೋರ್ಟಿನಲ್ಲಿ ಸಾಕ್ಷಿ ಹೇಳುವ ವಾರ, ಒಂದು ಸಂಜೆ, ಪ್ರಲ್ಹಾದ ಹಣ್ಣಿನ ಚೀಲ ಹಿಡಿದು ಅದೇ ಬಾಗಿಲಲ್ಲಿ ಬಂದು ನಿಂತ. ಫಕೀರಪ್ಪ ಹದಿನೈದು ವರ್ಷ ಮ್ಯಾನೇಜರುಗಳೆದುರು ಎದ್ದು ನಿಂತವನು. ಈಗಲೂ ಎದ್ದು ನಿಂತ. ಅವನ ಹೆಂಡತಿ ಗಂಗವ್ವ ಒಲೆಯ ಬಳಿಯಿಂದಲೇ ನೋಡಿದಳು.

“ಏನಿಲ್ಲ ಫಕೀರಪ್ಪ. ಒಂದ ಮಾತು. ಕಣ್ಣು ತಗದು ದೇವರ ಮುಂದ ನೀನ ಇಟ್ಟಿದ್ದಿ ಅಂತ ಹೇಳಿಬಿಡು. ಭಕ್ತಿಲೆ ಇಟ್ಟಿದ್ದೆ, ಗೊತ್ತಾಗಲಿಲ್ಲ ಅನ್ನು. ನಿನಗ ಯಾರೂ ಏನೂ ಅನ್ನಂಗಿಲ್ಲ. ಹೆಂಗೂ ಆಗಿದ್ದು ಆಗೇತಿ, ನಿನಗ ಇನ್ನೊಂದು ಕಣ್ಣು ಚಲೋನ ಐತಿ. ಇದೂ ಅಷ್ಟಿಷ್ಟು ಕಾಣತಿರಬೇಕಲ್ಲ?”

ಫಕೀರಪ್ಪ ನೆಲ ನೋಡುತ್ತ ನಿಂತ. ಮುಚ್ಚಳ ತೆಗೆದುಕೊಂಡ ದಿನ ನಿಂತಿದ್ದ ಹಾಗೆಯೇ. ನನಗೆ ಎದೆ ಎಂಬುದೊಂದು ಇದ್ದಿದ್ದರೆ ಒಡೆದುಹೋಗುತ್ತಿತ್ತು. ಇವನು ಮತ್ತೆ ‘ಆತ್ರಿ’ ಅಂದುಬಿಟ್ಟರೆ ನನ್ನ ಸೇಡೆಲ್ಲ ನೀರುಪಾಲು.

ಗಂಗವ್ವ ಎದ್ದು ಬಂದು ಮಾಡದಿಂದ ದೀಪ ಎತ್ತಿಕೊಂಡಳು. ಗಂಡನ ಎದುರು ನಿಂತು, ಎಡಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿ, ದೀಪವನ್ನು ಬಲಗಣ್ಣಿನ ತೀರ ಹತ್ತಿರಕ್ಕೆ ಹಿಡಿದಳು. ರೆಪ್ಪೆಗೆ ಬಿಸಿ ತಾಗುವಷ್ಟು ಹತ್ತಿರಕ್ಕೆ.

“ಹೇಳ್ರಿ. ಐತೋ, ಇಲ್ಲೋ?”

“ಇಲ್ಲ” ಎಂದ ಫಕೀರಪ್ಪ.

ದೀಪವನ್ನು ಆಚೆ ಒಯ್ದಳು, ಮತ್ತೆ ತಂದಳು. “ಈಗ?”

“ಇಲ್ಲ.”

ಅವಳು ಪ್ರಲ್ಹಾದನ ಕಡೆ ತಿರುಗಿದಳು. “ಕೇಳಿದ್ರಲ್ರೀ ಸಾಹೇಬ್ರ? ಚಲೋ ಕಣ್ಣಿಗೆ ದೀಪಾ ತೋರಿಸಿ ಐತಿ ಅನಿಸಿದ್ರಿ. ಈ ಕಣ್ಣಿಗೂ ತೋರಿಸಿ ಐತಿ ಅನಸ್ರಿ ನೋಡೋಣು.”

ದೀಪವನ್ನು ಅವನ ಕಡೆ ಚಾಚಿದಳು. ಅವನು ಕೈ ಮುಂದೆ ಮಾಡಲಿಲ್ಲ. ಫಕೀರಪ್ಪ ಈಗ ತಲೆ ಎತ್ತಿದ.

“ಇದ್ದದ್ದು ಇದ್ದಂಗ ಹೇಳ್ತೀನ್ರಿ. ಮುಚ್ಚಳಾ ನಾನ ತಗದೀನಿ, ಅದನ್ನೂ ಹೇಳ್ತೀನಿ. ಹಣ್ಣಿನ ಚೀಲ ಒಯ್ರಿ.”

ಪ್ರಲ್ಹಾದ ಹೊರಟ. ಹೊಸ್ತಿಲು ದಾಟುವಾಗ ಕಾಲು ಎಡವಿ ಚೀಲ ಹರಿದು ಮೋಸಂಬಿಗಳು ಓಣಿಯಲ್ಲಿ ಉರುಳಿದವು. ಹೆಕ್ಕಿಕೊಳ್ಳಲು ಅವನು ಬಗ್ಗಲಿಲ್ಲ. ಆ ಬೆನ್ನು ಓಣಿಯ ತಿರುವಿನವರೆಗೆ ಹೋಗುವುದನ್ನು ನಾನು ಪೂರ್ತಿ ನೋಡಿದೆ.

ಈಗ ನನ್ನ ತಂತಿ ಎಲ್ಲಿಗೂ ಸೇರಿಲ್ಲ. ನಾನು ಇದೆ ಎಂದರೂ ಇಲ್ಲ ಎಂದರೂ ಕೇಳುವ ಯಂತ್ರವಿಲ್ಲ. ಮನೆಗೆ ಬಂದವರು ಇದೇನೆಂದು ಕೇಳಿದರೆ ಫಕೀರಪ್ಪ, “ನಮ್ಮ ದೋಸ್ತ” ಎನ್ನುತ್ತಾನೆ. ಅವನು ಪ್ರಲ್ಹಾದನನ್ನು ಕ್ಷಮಿಸಿದ್ದಾನೋ ಏನೋ ನನಗೆ ಗೊತ್ತಿಲ್ಲ, ಕೇಳಲು ನನಗೆ ಬಾಯಿಲ್ಲ. ನಾನು ಕ್ಷಮಿಸಿಲ್ಲ. ಸಂಜೆ ಗಂಗವ್ವ ಮಾಡದಲ್ಲಿ ದೀಪ ಹಚ್ಚುವಾಗ ಫಕೀರಪ್ಪ ಪಕ್ಕದಲ್ಲಿ ಕೂರುತ್ತಾನೆ, ಬಲಗಡೆಯ ಬೆಳಕು ಅವನಿಗೆ ಕಾಣುವುದಿಲ್ಲ, ತಲೆಯನ್ನು ಪೂರ್ತಿ ತಿರುಗಿಸಿ ನೋಡುತ್ತಾನೆ. ಅವನು ಹಾಗೆ ತಲೆ ತಿರುಗಿಸುವಷ್ಟು ದಿನ, ಪ್ರಲ್ಹಾದ ಮತ್ತೆ ಬಂದರೆ ಕಾಣಲೆಂದು, ನಾನು ಬಾಗಿಲ ಕಡೆ ನೋಡುತ್ತ ಕುಳಿತಿರುತ್ತೇನೆ.